ಪ್ರತಿಮೆ ನಿಲ್ಲಿಸುವ ಮೊದಲು ಅವರ ಸಾಮಾನು ಕೋಣೆಯ ಬೀಗ ತೆಗೆಯಿರಿ

ಪುರಸಭೆಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ, ಶಾಲೆಗಳ ಮುಖ್ಯಸ್ಥರಿಗೆ, ಮಕ್ಕಳ ತಂದೆ ತಾಯಂದಿರಿಗೆ,

ಮಕ್ಕಳಿಗೆ ಕಾಡು-ಗುಡ್ಡ ತೋರಿಸುತ್ತಿದ್ದ, ಈಜು ಕಲಿಸುತ್ತಿದ್ದ, ಹಗ್ಗಕ್ಕೆ ಗಂಟು ಹಾಕುವುದನ್ನು ಹೇಳಿಕೊಡುತ್ತಿದ್ದ ಹಿರಿಯರೊಬ್ಬರು ಸಣ್ಣ ಊರಿನಲ್ಲಿ ತೀರಿಕೊಂಡರೆ ತಿಂಗಳು ತುಂಬುವುದರೊಳಗೆ ಸಾಮಾನ್ಯವಾಗಿ ಮೂರು ಸಲಹೆಗಳು ಬರುತ್ತವೆ. ರಸ್ತೆಗೆ ಅವರ ಹೆಸರಿಡೋಣ. ಕೆರೆಯ ದಂಡೆಯಲ್ಲಿ ಪ್ರತಿಮೆ ನಿಲ್ಲಿಸೋಣ. ವರ್ಷಕ್ಕೊಮ್ಮೆ ಅವರ ಹೆಸರಿನಲ್ಲಿ ಕೆರೆ ದಾಟುವ ಈಜು ಸ್ಪರ್ಧೆ ನಡೆಸೋಣ. ಮೊದಲ ಎರಡಕ್ಕೆ ನಮ್ಮ ತಕರಾರಿಲ್ಲ. ಮೂರನೆಯದನ್ನು ಮಾತ್ರ ದಯವಿಟ್ಟು ಕೈಬಿಡಿ. ಆ ಮನುಷ್ಯ ಬದುಕಿರುವಷ್ಟು ಕಾಲ ಮಕ್ಕಳಿಗೆ ಯಾವುದನ್ನು ಮಾಡಬೇಡಿ ಎಂದು ಹೇಳಿಕೊಂಡು ಬಂದರೋ ಅದನ್ನೇ ಅವರ ಹೆಸರಿನಲ್ಲಿ ಮಾಡಿಸಿದಂತಾಗುತ್ತದೆ.

ನಿಮ್ಮ ಊರಿನವರ ಹೆಸರು ನಮಗೆ ಗೊತ್ತಿಲ್ಲ, ಅವರ ಕೆಲಸ ಗೊತ್ತು. ನಾವೂ ಮಕ್ಕಳನ್ನು ಗುಡ್ಡಕ್ಕೂ ನೀರಿಗೂ ಕರೆದುಕೊಂಡು ಹೋಗುವವರು. ಸಂತಾಪ ಸಭೆಯಲ್ಲಿ ಇಂಥವರ ಬಗ್ಗೆ ಬರುವ ಮಾತುಗಳು ಎಲ್ಲ ಕಡೆಯೂ ಒಂದೇ: ಧೈರ್ಯಶಾಲಿ, ಸಾಹಸಿ, ಪ್ರಕೃತಿಪ್ರೇಮಿ. ಈ ಮೂರು ಮಾತಿನಿಂದ ಅವರು ಏನು ಮಾಡುತ್ತಿದ್ದರು ಎಂಬುದು ಒಂದಿಷ್ಟೂ ತಿಳಿಯುವುದಿಲ್ಲ. ಅವರು ಮಾಡುತ್ತಿದ್ದದ್ದು ಬಹುಪಾಲು ಲೆಕ್ಕ. ಎಷ್ಟು ಮಕ್ಕಳು, ಎಷ್ಟು ದೂರ, ಎಷ್ಟು ಏರು, ಎಷ್ಟು ಹೊತ್ತಿಗೆ ಹಿಂದಿರುಗಬೇಕು, ಹಗ್ಗಕ್ಕೆ ಎಷ್ಟು ವಯಸ್ಸಾಯಿತು. ಇದನ್ನು ಬರೆದಿಡದೆ ಕಲ್ಲಿನ ಪ್ರತಿಮೆ ನಿಲ್ಲಿಸಿದರೆ ಉಳಿಯುವುದು ಮುಖವಷ್ಟೇ.

ಒಂದು ಉದಾಹರಣೆ ನೋಡಿ. ಗುಡ್ಡದ ತುದಿಗೆ ಹೋಗಿ ಬರಲು ಒಟ್ಟು 12 ಕಿ.ಮೀ., ಏರು 600 ಮೀಟರ್. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ಹಾಕಿಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಅದರಂತೆ ಹತ್ತಲು 2 ಗಂಟೆ 12 ನಿಮಿಷ, ಇಳಿಯಲು 1 ಗಂಟೆ 12 ನಿಮಿಷ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳಿಗೆ ನಾವು ಒಂದೂವರೆ ಪಟ್ಟು ಹಿಡಿಯುತ್ತೇವೆ. ಹತ್ತಲು ಸುಮಾರು 3 ಗಂಟೆ 20 ನಿಮಿಷ, ಇಳಿಯಲು 1 ಗಂಟೆ 50 ನಿಮಿಷ, ವಿಶ್ರಾಂತಿ ಬೇರೆ. ಬೆಳಿಗ್ಗೆ 8ಕ್ಕೆ ಹೊರಟರೆ 12ರ ಹೊತ್ತಿಗೆ ತುದಿ ಸಿಗಬೇಕು. ಅಂದಮೇಲೆ 12.30ಕ್ಕೆ ಎಲ್ಲೇ ಇದ್ದರೂ ಹಿಂದಕ್ಕೆ. ತುದಿ ಕಣ್ಣೆದುರೇ ಇರಲಿ, ಇನ್ನು ಹತ್ತೇ ನಿಮಿಷ ಎಂದು ಮಕ್ಕಳು ಗೋಗರೆಯಲಿ, ಹಿಂದಕ್ಕೇ. ಇದು ಅತಿಯಾಯಿತು ಅನ್ನಿಸಬಹುದು. ತುದಿಯ ಬಳಿ ಒಂದು ಮಗುವಿನ ಕಾಲು ಉಳುಕಿತು ಎಂದಿಟ್ಟುಕೊಳ್ಳಿ. ಇಬ್ಬರು ಹೆಗಲು ಕೊಟ್ಟು ಇಳಿಸುವಾಗ ಗಂಟೆಗೆ 2 ಕಿ.ಮೀ. ಸಾಗಿದರೆ ಪುಣ್ಯ. 6 ಕಿ.ಮೀ.ಗೆ ಮೂರು ಗಂಟೆ ಅಲ್ಲೇ ಹೋಯಿತು. ಆದರೂ ಸಂಜೆ ನಾಲ್ಕರೊಳಗೆ, ಬೆಳಕಿರುವಾಗಲೇ ಕೆಳಗೆ ಬಂದಿರುತ್ತೀರಿ. 12.30 ಎಂಬ ಗಡುವು ಇರುವುದು ಆ ಮೂರು ಗಂಟೆಗಾಗಿ.

ಇಂಥವರ ಜೊತೆ ಹೋಗಿ ಬಂದ ಮಕ್ಕಳಿಗೆ ನೆನಪಿರುವುದು ಅವರು ಹತ್ತಿಸಿದ ಗುಡ್ಡಗಳು. ಹತ್ತಿಸದೆ ವಾಪಸು ಕರೆತಂದ ದಿನಗಳ ಮೇಲಿನ ಸಿಟ್ಟೂ ಅಷ್ಟೇ ನೆನಪಿರುತ್ತದೆ. ಜೀವನಚರಿತ್ರೆ ಬರೆಯುವವರು ಆ ಸಿಟ್ಟಿನ ದಿನಗಳನ್ನೇ ಕೆದಕಿ ಕೇಳಬೇಕು.

ನೆನಪು ಸಂಗ್ರಹಿಸುವ ಕೆಲಸ ಎರಡು ತಿಂಗಳೊಳಗೆ ಮುಗಿಯಲಿ. ಆಮೇಲೆ ಎಲ್ಲರ ಮಾತೂ ಒಂದೇ ಎರಕಕ್ಕೆ ಬಂದುಬಿಡುತ್ತದೆ. ಸಭೆಯಲ್ಲಿ ಚೆನ್ನಾಗಿ ಮಾತಾಡಿದವರು ಹೇಳಿದ್ದನ್ನೇ ಉಳಿದವರೂ ಹೇಳತೊಡಗುತ್ತಾರೆ. ಆದ್ದರಿಂದ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. “ಅವರು ಹೇಗಿದ್ದರು?” ಎಂದು ಕೇಳಿದರೆ “ದೇವರಂಥವರು” ಎಂಬ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ತಡವಾಗಿ ಬಂದವರನ್ನು ಏನು ಮಾಡುತ್ತಿದ್ದರು? ಅವರ ಚೀಲದಲ್ಲಿ ಮೇಲುಗಡೆ ಯಾವ ವಸ್ತು ಇರುತ್ತಿತ್ತು? ಹೊಳೆ ದಾಟುವಾಗ ಯಾವ ಬದಿಗೆ ನಿಲ್ಲುತ್ತಿದ್ದರು? ಮಳೆ ಬರುತ್ತದೆ ಎಂದು ಯಾವುದನ್ನು ನೋಡಿ ಹೇಳುತ್ತಿದ್ದರು? ಯಾವಾಗ ಗದರುತ್ತಿದ್ದರು? ಹೀಗೆ ಕೇಳಿ. ಆಗ ಹತ್ತು-ಹನ್ನೆರಡು ವರ್ಷದವರಾಗಿದ್ದವರನ್ನು ಮೊದಲು ಹುಡುಕಿ. ಆ ವಯಸ್ಸಿನ ಮಕ್ಕಳು ದೊಡ್ಡವರ ಕೈಯನ್ನು ಗಮನಿಸಿರುತ್ತಾರೆ.

ಮೊಬೈಲಿನಲ್ಲಿ ಧ್ವನಿಮುದ್ರಿಸುವುದಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಮೊಬೈಲನ್ನು ಮೇಜಿನ ಮೇಲೆ ನೇರವಾಗಿ ಇಡದೆ ಮಡಿಚಿದ ಬಟ್ಟೆಯ ಮೇಲಿಡಿ. ಇಲ್ಲದಿದ್ದರೆ ಮೇಜು ಕುಟ್ಟಿದ ಸದ್ದೇ ಮಾತಿಗಿಂತ ಜೋರಾಗಿ ಕೇಳುತ್ತದೆ. ಮೊದಲ ವಾಕ್ಯದಲ್ಲೇ ಮಾತಾಡುವವರ ಹೆಸರು, ದಿನಾಂಕ, ಅವರು ಯಾವ ವರ್ಷಗಳಲ್ಲಿ ಜೊತೆಗಿದ್ದರು ಎಂಬುದು ದಾಖಲಾಗಲಿ. ಅರ್ಧ ಗಂಟೆ ಸಾಕು. ಪ್ರತಿಗಳು ಮೂರು ಕಡೆ ಇರಲಿ, ಅದರಲ್ಲಿ ಒಂದು ಊರಿನ ಗ್ರಂಥಾಲಯದಲ್ಲಿ. ವರ್ಷಗಳ ವಿಷಯದಲ್ಲಿ ಬಾಯಿಮಾತನ್ನು ಪೂರ್ತಿ ನಂಬಬೇಡಿ. ಹಳೆಯ ಫೋಟೋಗಳ ಹಿಂಭಾಗ, ಶಾಲೆಯ ಹಾಜರಿ ಪುಸ್ತಕ, ಅರಣ್ಯ ಇಲಾಖೆಗೆ ಬರೆದ ಅನುಮತಿ ಪತ್ರಗಳ ಜೊತೆ ತಾಳೆ ನೋಡಿ. ಅವರ ಕೈಕೆಳಗೆ ಎಂದಾದರೂ ಅಪಘಾತವಾಗಿದ್ದರೆ ಅದನ್ನೂ ಬರೆಯಿರಿ. ಏನಾಯಿತು, ಆಮೇಲೆ ಅವರು ಯಾವ ಪದ್ಧತಿ ಬದಲಿಸಿದರು ಎಂಬುದು ಇಡೀ ಚರಿತ್ರೆಯಲ್ಲಿ ಹೆಚ್ಚು ಬೆಲೆಬಾಳುವ ಪುಟ. ಸನ್ಮಾನ ಗ್ರಂಥಗಳಲ್ಲಿ ಹರಿದು ಹೋಗುವುದೂ ಸಾಮಾನ್ಯವಾಗಿ ಅದೇ ಪುಟ.

ಈಗ ಸಾಮಾನು ಕೋಣೆಗೆ ಬರೋಣ. ಪತ್ರ ಬರೆಯಲು ಮುಖ್ಯ ಕಾರಣವೇ ಇದು.

ಇಂಥವರ ಮನೆಯ ಹಿಂದೆಯೋ ಶಾಲೆಯ ಮೂಲೆಯಲ್ಲೋ ಒಂದು ಕೋಣೆ ಇರುತ್ತದೆ. ಹಗ್ಗ, ಲೈಫ್ ಜಾಕೆಟ್, ಹೆಲ್ಮೆಟ್, ಟೆಂಟು, ಟಾರ್ಚು, ಕಂಪಾಸು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಅವರು ಹೋದಮೇಲೆ ಆ ಸಾಮಾನಿಗೆ ಎರಡರಲ್ಲಿ ಒಂದು ಗತಿ. ಒಂದೋ ಬೀಗ ಬಿದ್ದು ಇಲಿಗಳ ಪಾಲಾಗುತ್ತದೆ. ಇಲ್ಲವೇ ಪ್ರೀತಿಯಿಂದ ಯಾರೋ ಹುಡುಗರು ಅದನ್ನು ತೆಗೆದುಕೊಂಡು “ಅವರದೇ ಹಗ್ಗ” ಎಂದು ಬಂಡೆ ಹತ್ತಲು ಹೋಗುತ್ತಾರೆ. ಎರಡನೆಯದು ಹೆಚ್ಚು ಅಪಾಯ. ಯಾವ ಹಗ್ಗ ಹಳತು, ಯಾವುದು ಒಮ್ಮೆ ಬ್ಯಾಟರಿಯ ಪಕ್ಕದಲ್ಲಿ ಬಿದ್ದಿತ್ತು, ಯಾವುದು ಟೆಂಟು ಕಟ್ಟಲು ಮಾತ್ರ ಎಂಬುದೆಲ್ಲ ಅವರ ತಲೆಯಲ್ಲಿತ್ತು, ಹಗ್ಗದ ಮೇಲೆ ಬರೆದಿರಲಿಲ್ಲ.

ಹತ್ತುವ ಹಗ್ಗ ನೈಲಾನಿನದು. ಒಳಗೆ ತಿರುಳು, ಹೊರಗೆ ಹೆಣೆದ ಕವಚ. ಭಾರ ಹೊರುವುದು ಬಹುಪಾಲು ತಿರುಳು, ಕಣ್ಣಿಗೆ ಕಾಣುವುದು ಕವಚ ಮಾತ್ರ. ಆದ್ದರಿಂದ ಪರೀಕ್ಷೆ ಕಣ್ಣಿನದಲ್ಲ, ಬೆರಳಿನದು. ಒಂದು ತುದಿಯಿಂದ ಹಿಡಿದು ಅಂಗೈಯಷ್ಟಂಗೈಯಷ್ಟು ಸರಿಸುತ್ತ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಬೇಕು. ಎಲ್ಲಾದರೂ ಚಪ್ಪಟೆಯಾದಂತೆ, ಟೊಳ್ಳಾದಂತೆ ಅಥವಾ ಗಂಟಿನಂತೆ ಸಿಕ್ಕರೆ ಅಲ್ಲಿ ತಿರುಳು ಕೆಟ್ಟಿದೆ. ಹಗ್ಗವನ್ನು ಅಲ್ಲಲ್ಲಿ ಬಳೆಯಾಕಾರಕ್ಕೆ ಬಾಗಿಸಿ. ಬಳೆ ದುಂಡಾಗಿ ಬರದೆ ಒಂದು ಕಡೆ ಮುರಿದಂತೆ ಕೋನ ಕಟ್ಟಿದರೆ ಅದೂ ಕೆಟ್ಟದ್ದೇ. ಕವಚ ಸವೆದು ಒಳಗಿನ ಬಿಳಿ ಎಳೆ ಕಂಡರೆ ಮುಂದೆ ನೋಡುವ ಅಗತ್ಯವಿಲ್ಲ. ಆಮ್ಲ ಸೋಕಿದ್ದು ಕೆಲವೊಮ್ಮೆ ಕಲೆಯಾಗಿಯೂ ಕಾಣುವುದಿಲ್ಲ. ಅದಕ್ಕೇ ವಾಹನದ ಬ್ಯಾಟರಿಯ ಹತ್ತಿರ ಇಟ್ಟಿದ್ದ ಹಗ್ಗವನ್ನು ಅನುಮಾನದ ಮೇಲೆಯೇ ಬಿಡಬೇಕು. ಒಮ್ಮೆಯೂ ಬಳಸದೆ ಇಟ್ಟ ಹಗ್ಗಕ್ಕೂ ತಯಾರಾದ ದಿನದಿಂದ ಹೆಚ್ಚೆಂದರೆ 10 ವರ್ಷ ಎಂದು ಸಾಮಾನ್ಯವಾಗಿ ತಯಾರಕರೇ ಹೇಳುತ್ತಾರೆ. ಬಳಸಿದ್ದಕ್ಕೆ ಅದಕ್ಕಿಂತ ಬಹಳ ಕಡಿಮೆ.

ಇನ್ನೊಂದು ತೊಡಕಿದೆ. ಬೀಳುವವರನ್ನು ತಡೆಯುವ ಹಗ್ಗ ಬೇರೆ, ಇಳಿಯಲು ಬಳಸುವ ಹಗ್ಗ ಬೇರೆ. ಮೊದಲನೆಯದು ಎಳೆದರೆ ಹಿಗ್ಗುತ್ತದೆ, ಆ ಹಿಗ್ಗುವಿಕೆಯೇ ಬಿದ್ದ ಪೆಟ್ಟನ್ನು ನುಂಗುತ್ತದೆ. ಎರಡನೆಯದು ಹೆಚ್ಚು ಹಿಗ್ಗುವುದಿಲ್ಲ. ಅದರ ಮೇಲೆ ಬಿದ್ದರೆ ಹಗ್ಗ ಉಳಿದರೂ ಬಿದ್ದವರ ಸೊಂಟ ಉಳಿಯುವುದು ಕಷ್ಟ. ಹೊರಗಿನಿಂದ ಎರಡೂ ಹೆಚ್ಚುಕಡಿಮೆ ಒಂದೇ ಥರ. ತುದಿಯಲ್ಲಿನ ಪಟ್ಟಿ ಅಳಿಸಿಹೋಗಿದ್ದರೆ ಅದು ಯಾವುದೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಚರಿತ್ರೆ ತಿಳಿಯದ ಹಗ್ಗ ಮನುಷ್ಯರ ಭಾರಕ್ಕೆ ಬೇಡ, ಇದರಲ್ಲಿ ರಿಯಾಯಿತಿ ಇಲ್ಲ.

ಬಿಟ್ಟ ಹಗ್ಗವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಒಂದು ಗೇಣು ಇಡಿ. ಉಳಿದದ್ದನ್ನು ಎರಡೆರಡು ಮೀಟರಿನ ತುಂಡು ಮಾಡಿ ಮಕ್ಕಳಿಗೆ ಗಂಟು ಕಲಿಯಲು ಹಂಚಿ. ಎರಡು ಮೀಟರ್ ತುಂಡಿನಿಂದ ಯಾರೂ ಬಂಡೆ ಹತ್ತಲು ಹೋಗುವುದಿಲ್ಲ. ಕತ್ತರಿಸಿದ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ. ಕರಗಿದ ನೈಲಾನ್ ಬೆರಳಿಗೆ ಅಂಟಿದರೆ ಚರ್ಮದೊಂದಿಗೇ ಬರುತ್ತದೆ, ಈ ಕೆಲಸ ದೊಡ್ಡವರೇ ಮಾಡಲಿ.

ಕ್ಯಾರಬಿನರ್‌ಗಳ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿಗಳ) ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಹಗ್ಗ ಉಜ್ಜಿ ಬಿದ್ದ ಜಾಡು ಒಂದು ಮಿ.ಮೀ.ಗಿಂತ ಆಳವಿದ್ದರೆ ಅದು ಬೀಗದ ಕೈ ಗೊಂಚಲಿಗೆ ಸರಿ, ಮಕ್ಕಳಿಗಲ್ಲ. ಹೆಲ್ಮೆಟ್ಟಿಗೆ ದೊಡ್ಡ ಪೆಟ್ಟು ಬಿದ್ದಿದ್ದರೆ ಬಿರುಕು ಕಾಣದಿದ್ದರೂ ಬಿಟ್ಟುಬಿಡಿ. ಲೈಫ್ ಜಾಕೆಟ್ಟಿನ ಒಳಗಿನ ಸ್ಪಂಜು ಒತ್ತಿದರೆ ಮತ್ತೆ ಉಬ್ಬಬೇಕು. ಗಟ್ಟಿಯಾಗಿ ಪುಡಿಪುಡಿ ಎನ್ನಿಸಿದರೆ ತೇಲುವ ಶಕ್ತಿ ಹೋಗಿದೆ. ಮಗುವಿಗೆ ಹಾಕಿ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ಟು ಕಿವಿಯವರೆಗೆ ಬಂದರೆ ನೀರಿನಲ್ಲೂ ಅಷ್ಟೇ, ಜಾಕೆಟ್ಟು ಮೇಲೆ ಮಗು ಕೆಳಗೆ. ಚಿಕ್ಕವರಿಗೆ ತೊಡೆಗಳ ನಡುವಿನ ಪಟ್ಟಿ ಇರುವುದೇ ಬೇಕು.

ಟಾರ್ಚುಗಳಲ್ಲಿ ಸೆಲ್ಲು ಉಳಿದಿದ್ದರೆ ಸೋರಿ ಒಳಗೆ ಬಿಳಿ ಪುಡಿ ಕಟ್ಟಿರುತ್ತದೆ. ಕಂಪಾಸಿನದು ಮೋಸದ ಕೆಟ್ಟುಹೋಗುವಿಕೆ. ಮೊಬೈಲ್ ಅಥವಾ ಸ್ಪೀಕರ್ ಪಕ್ಕದಲ್ಲಿ ಬಹಳ ದಿನ ಇದ್ದರೆ ಮುಳ್ಳಿನ ಧ್ರುವವೇ ತಿರುಗಿಬಿಡಬಹುದು. ಆಗ ಅದು ಸರಿಯಾಗಿಯೇ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ, ಉತ್ತರದ ಬದಲು ದಕ್ಷಿಣ ತೋರಿಸುತ್ತದೆ. ಎಲ್ಲ ಕಂಪಾಸುಗಳನ್ನೂ ಬಯಲಿನಲ್ಲಿ, ಕಬ್ಬಿಣ ಇಲ್ಲದ ಕಡೆ, ಒಂದೊಂದು ಮೀಟರ್ ಅಂತರದಲ್ಲಿ ನೆಲಕ್ಕಿಟ್ಟು ಬೆಳಗಿನ ಸೂರ್ಯನ ದಿಕ್ಕಿಗೆ ಹೋಲಿಸಿ. ಒಂದು ಮಾತ್ರ ಎದುರು ದಿಕ್ಕು ತೋರಿಸಿದರೆ ಅದನ್ನು ಅವತ್ತೇ ಬೇರೆ ಮಾಡಿ.

ಅವರ ನೋಟ್‌ಬುಕ್ಕುಗಳು ಸಿಕ್ಕರೆ ಎರಡು ಭಾಗ ಮಾಡಬೇಕು. ಯಾವ ದಾರಿಯಲ್ಲಿ ಯಾವ ತಿಂಗಳವರೆಗೆ ನೀರು ಸಿಗುತ್ತದೆ, ಎಲ್ಲಿ ಮೊಬೈಲ್ ಸಿಗ್ನಲ್ ಬರುತ್ತದೆ, ಯಾವ ಜಮೀನು ದಾಟಲು ಯಾರನ್ನು ಕೇಳಬೇಕು, ಎಲ್ಲಿ ಜೇನು ಕಟ್ಟುತ್ತದೆ ಎಂಬುದೆಲ್ಲ ಊರಿನ ಆಸ್ತಿ, ಅದನ್ನು ಪ್ರತಿ ಮಾಡಿಸಿ. ಯಾವ ಮಗುವಿಗೆ ಆಸ್ತಮಾ, ಯಾರಿಗೆ ಮೂರ್ಛೆ, ಯಾರ ಮನೆಯಲ್ಲಿ ಏನು ತೊಂದರೆ ಎಂದು ಬರೆದುಕೊಂಡ ಪುಟಗಳು ಊರಿನವಲ್ಲ. ಅವನ್ನು ಯಾರೂ ಓದದೆ ಆಯಾ ಮನೆಯವರಿಗೆ ಕೊಡಬೇಕು ಅಥವಾ ಸುಟ್ಟುಬಿಡಬೇಕು. ಪ್ರದರ್ಶನಕ್ಕೆ ಇಡುವ ಉತ್ಸಾಹದಲ್ಲಿ ಇದು ತಪ್ಪಿಹೋಗುತ್ತದೆ.

ನೀರಿನ ವಿಷಯಕ್ಕೆ ಬರುತ್ತೇವೆ, ಸ್ಪರ್ಧೆ ಬೇಡ ಎಂದದ್ದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಅದು ಮೂರನೆಯದು. ಮುಳುಗುವವರು ಸಿನಿಮಾದಲ್ಲಿ ಕಾಣುವ ಹಾಗೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಕೂಗಲು ಉಸಿರೇ ಇರುವುದಿಲ್ಲ. ಎರಡೂ ಕೈ ತಾವಾಗಿ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ. ಹೀಗೆ 20ರಿಂದ 60 ಸೆಕೆಂಡು, ಆಮೇಲೆ ಕೆಳಗೆ. ದಡದಲ್ಲಿ ನಿಂತವರಿಗೆ ಮಗು ಆಡುತ್ತಿರುವಂತೆಯೇ ಕಾಣುತ್ತದೆ. ಈಜು ಬರುವ ಗೆಳೆಯ ಹಾರುತ್ತಾನೆ, ಮುಳುಗುತ್ತಿರುವವನು ಅವನನ್ನೇ ಹತ್ತುತ್ತಾನೆ, ಇಬ್ಬರೂ ಹೋಗುತ್ತಾರೆ. ದಡದಲ್ಲಿ ಜನ ಕಿರುಚಿ ಹುರಿದುಂಬಿಸುವ ಸ್ಪರ್ಧೆಯಲ್ಲಿ ಈ ಸದ್ದಿಲ್ಲದ ಒಂದು ನಿಮಿಷವನ್ನು ಗಮನಿಸುವವರು ಯಾರು?

ಸ್ಪರ್ಧೆಯ ಬದಲು ಅವರ ಹೆಸರಿನಲ್ಲಿ ಹಗ್ಗ ಎಸೆಯುವ ದಿನ ಮಾಡಿ. ಎಂಟನೇ ತರಗತಿಯ ಪ್ರತಿ ಮಗುವೂ, ಈಜು ಬರಲಿ ಬಿಡಲಿ, ನೀರಿಗಿಳಿಯದೆ ಒಬ್ಬರನ್ನು ದಡಕ್ಕೆ ಎಳೆಯಲು ಕಲಿಯಬೇಕು. ಬೇಕಾದದ್ದು 15ರಿಂದ 20 ಮೀಟರಿನ, ನೀರಿನಲ್ಲಿ ತೇಲುವ ಹಗ್ಗ ಮತ್ತು ಅದನ್ನು ತುರುಕಿಡುವ ಚೀಲ. ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಹಗ್ಗವನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಬಾರದು, ಸುರುಳಿಗಳು ಒಂದರೊಳಗೊಂದು ಸಿಕ್ಕಿ ಗೊಂಚಲಾಗಿ ಹೊರಬರುತ್ತವೆ. ಕೈಯಿಂದ ಚೂರುಚೂರೇ ತುರುಕಬೇಕು. ಒಂದು ತುದಿ ಚೀಲದ ತಳಕ್ಕೆ ಕಟ್ಟಿರಬೇಕು. ಗುರಿಗೆ ದಡದಿಂದ 10 ಮೀಟರ್ ದೂರದಲ್ಲಿ ಖಾಲಿ ಕ್ಯಾನನ್ನು ಕಲ್ಲು ಕಟ್ಟಿ ನಿಲ್ಲಿಸಿದರೆ ಸಾಕು.

ಚೀಲದ ಬಾಯಿ ಸಡಿಲಿಸಿ ಎರಡು ಮೀಟರ್ ಹಗ್ಗ ಹೊರಗೆಳೆದು, ಅದರ ತುದಿಯನ್ನು ಎಸೆಯದ ಕೈಯಲ್ಲಿ ಹಿಡಿದುಕೊಳ್ಳಬೇಕು. ಕೈಗೆ ಸುತ್ತಿಕೊಂಡರೆ ಎಳೆತಕ್ಕೆ ನೀವೂ ನೀರಿಗೆ, ಸುಮ್ಮನೆ ಹಿಡಿದರೆ ಸಾಕು. ಮೊದಲು ಗಟ್ಟಿಯಾಗಿ ಕೂಗಿ ಅವರು ನಿಮ್ಮ ಕಡೆ ನೋಡುವಂತೆ ಮಾಡಿ. ಆಮೇಲೆ ಸೊಂಟದ ಕೆಳಗಿನಿಂದ ಕೈ ಬೀಸಿ, ಅವರ ಭುಜದ ಮೇಲಿಂದ ಆಚೆಗೆ ಚೀಲ ಬೀಳುವಂತೆ ಎಸೆಯಿರಿ. ಅವರಿಗೆ ಸಿಗಬೇಕಾದ್ದು ಚೀಲವಲ್ಲ, ಹಗ್ಗ. ಹಿಡಿದ ಕೂಡಲೇ ನೀವು ಕೂತುಬಿಡಿ. ನಿಂತೇ ಎಳೆದರೆ ಒದ್ದೆ ದಂಡೆಯಲ್ಲಿ ಕಾಲು ಜಾರುತ್ತದೆ.

ಮಕ್ಕಳು ಮಾಡುವ ತಪ್ಪುಗಳು ಮೂರೇ. ಎರಡೂ ತುದಿ ಕೈಬಿಟ್ಟು ಇಡೀ ಚೀಲವನ್ನೇ ಎಸೆಯುವುದು ಬಹಳ ಸಾಮಾನ್ಯ. ನಗು ಬರುತ್ತದೆ, ಆದರೆ ಗಾಬರಿಯಲ್ಲಿ ದೊಡ್ಡವರೂ ಇದನ್ನೇ ಮಾಡುತ್ತಾರೆ. ಎರಡನೆಯದು ಗುರಿಗಿಂತ ಈಚೆಗೇ ಬೀಳಿಸುವುದು. ಮೂರನೆಯದು, ಗುರಿ ತಪ್ಪಿದಾಗ ಹಗ್ಗವನ್ನು ಮತ್ತೆ ಚೀಲಕ್ಕೆ ತುಂಬಲು ಕೂರುವುದು. ಅಷ್ಟು ಸಮಯ ಇಲ್ಲ. ಹಗ್ಗವನ್ನು ದೊಡ್ಡ ದೊಡ್ಡ ಮಡಿಕೆಯಾಗಿ ಕೈಗೆ ಎಳೆದುಕೊಂಡು, ಚೀಲಕ್ಕೆ ಸ್ವಲ್ಪ ನೀರು ತುಂಬಿಸಿಕೊಂಡು ತೂಕ ಮಾಡಿ ಮತ್ತೆ ಎಸೆಯಬೇಕು. ಈ ಎರಡನೇ ಎಸೆತವನ್ನೇ ಹೆಚ್ಚು ಅಭ್ಯಾಸ ಮಾಡಿಸಿ. ಬಹುಮಾನ ಕೊಡಲೇಬೇಕಿದ್ದರೆ ಎರಡೂ ಎಸೆತಕ್ಕೆ ಸೇರಿ ಒಂದು ನಿಮಿಷದೊಳಗೆ ಗುರಿ ಮುಟ್ಟಿಸಿದವರೆಲ್ಲರಿಗೂ ಕೊಡಿ. ಪ್ರಥಮ, ದ್ವಿತೀಯ ಬೇಡ.

ಕೆರೆಯ ದಂಡೆಯಲ್ಲಿ ಅವರ ಹೆಸರಿನ ಫಲಕ ಬೇಕೆಂದರೆ ಆ ಫಲಕದ ಕಂಬಕ್ಕೇ ನೀರಿನಲ್ಲಿ ತೇಲುವ ಒಂದು ಲೈಫ್‌ಬಾಯ್ ರಿಂಗ್, 20 ಮೀಟರ್ ಹಗ್ಗ ಮತ್ತು ಉದ್ದನೆಯ ಬಿದಿರು ಗಳ ತೂಗುಹಾಕಿ. ಅದು ಕಳವಾಗುತ್ತದೆ, ಬಿಸಿಲಿಗೆ ಹಗ್ಗ ಪುಡಿಯಾಗುತ್ತದೆ, ಮಕ್ಕಳು ರಿಂಗ್ ತೆಗೆದುಕೊಂಡು ಆಡುತ್ತಾರೆ. ಇದೆಲ್ಲ ಆಗುವುದೇ. ವಾರಕ್ಕೊಮ್ಮೆ ನೋಡುವ ಕೆಲಸವನ್ನು ಯಾವ ಹುದ್ದೆಯವರಿಗೆ ವಹಿಸಿದ್ದೀರಿ ಎಂದು ಪುರಸಭೆಯ ನಡವಳಿ ಪುಸ್ತಕದಲ್ಲಿ ಬರೆಯಿರಿ. ಬದಲಿ ಸಾಮಾನಿಗೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಒಂದು ಸಾಲು ಇರಲಿ. ಪ್ರತಿಮೆಗೆ ಒಮ್ಮೆ ಖರ್ಚು ಮಾಡಿ ಮರೆಯಬಹುದು, ಇದಕ್ಕೆ ಹಾಗಾಗುವುದಿಲ್ಲ.

ಹರಿಯುವ ನೀರಿನದು ಬೇರೆಯೇ ಲೆಕ್ಕ. ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟು. ನೀರು ಗುಂಪಿನ ಅತಿ ಚಿಕ್ಕ ಮಗುವಿನ ಮೊಣಕಾಲಿಗಿಂತ ಮೇಲಿದ್ದರೆ ದಾಟುವ ಪ್ರಶ್ನೆಯಿಲ್ಲ. ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿಕೊಂಡೇ ಇಳಿಯಬೇಕು. ದಾಟುವವರ ಸೊಂಟಕ್ಕೆ ಹಗ್ಗ ಕಟ್ಟುವುದನ್ನು ಸುರಕ್ಷತೆ ಎಂದುಕೊಂಡವರು ಬಹಳ ಜನ. ಕಾಲು ತಪ್ಪಿದರೆ ಹಗ್ಗ ಬಿಗಿಯಾಗಿ, ಹರಿವು ತಲೆಯನ್ನು ನೀರಿನೊಳಕ್ಕೆ ಒತ್ತಿ ಹಿಡಿಯುತ್ತದೆ. ಕಟ್ಟಬೇಡಿ.

ಅವರ ಕೆಲಸವನ್ನು ಮುಂದುವರಿಸುವವರು ಯಾರು? ಒಬ್ಬರನ್ನೇ ಹುಡುಕಬೇಡಿ, ಮೂವರು ಬೇಕು. ಅವರಿಗೆ ಒಬ್ಬರೇ ಸಾಕಾಗಿತ್ತು ಎಂಬುದು ವಾದವಲ್ಲ. ಒಬ್ಬರೇ ಇದ್ದದ್ದರಿಂದಲೇ ಈಗ ಬೀಗದ ಕೈ ಹುಡುಕುವ ಪರಿಸ್ಥಿತಿ ಬಂದಿದೆ. ಜೊತೆಗೆ ಅವರ ಕೈಕೆಳಗೆ ಅರ್ಧ ಕಲಿತ 16-17 ವರ್ಷದ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಅವರನ್ನು ಕೈಬಿಟ್ಟರೆ ಆರು ತಿಂಗಳಲ್ಲಿ ಚದುರಿಹೋಗುತ್ತಾರೆ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ, ಸ್ಕೌಟ್ ಚಳವಳಿಗೆ ನಾಂದಿಯಾದ ಶಿಬಿರದಲ್ಲಿ ಹುಡುಗರನ್ನು ನಾಲ್ಕು ಸಣ್ಣ ತಂಡ ಮಾಡಿ, ಪ್ರತಿ ತಂಡಕ್ಕೂ ಅವರಲ್ಲೇ ಒಬ್ಬ ದೊಡ್ಡ ಹುಡುಗನನ್ನು ಮುಖಂಡನನ್ನಾಗಿ ಮಾಡಲಾಗಿತ್ತು. ಆ ಪದ್ಧತಿ ಇಂದಿಗೂ ನಡೆಯುತ್ತಿರುವುದು ಅದು ಕೆಲಸ ಮಾಡುವುದರಿಂದ. ಮೊದಲು ಕೊನೆಯಲ್ಲಿ ನಡೆಯುವ ಜವಾಬ್ದಾರಿ ಕೊಡಿ, ಯಾರು ಹಿಂದೆ ಬೀಳುತ್ತಾರೆ, ಏಕೆ ಎಂಬುದು ಅಲ್ಲಿಂದಲೇ ಕಾಣುವುದು. ಆಮೇಲೆ ದಾರಿಯ ಲೆಕ್ಕ ಹಾಕಲು ಕೊಡಿ, ತಪ್ಪು ಕಾಗದದ ಮೇಲೆಯೇ ಆಗಲಿ. ಮುಂದೆ ನಿಂತು ನಡೆಸುವುದು ಎಲ್ಲಕ್ಕಿಂತ ಕೊನೆಗೆ. ಹೊಸಬರು ಮುಂದೆ ನಿಂತಾಗ ಮಾಡುವ ತಪ್ಪು ಒಂದೇ, ತಮ್ಮ ವೇಗದಲ್ಲಿ ನಡೆಯುವುದು. ಗುಂಪಿನಲ್ಲಿ ಬಹಳ ನಿಧಾನ ನಡೆಯುವ ಮಗುವನ್ನು ಮುಂದಾಳಿನ ಬೆನ್ನಿಗೇ, ಎರಡನೆಯ ಜಾಗದಲ್ಲಿ ಇಡಿ. ವೇಗ ತಾನಾಗಿ ಸರಿಹೋಗುತ್ತದೆ.

ಎಣಿಕೆಯಲ್ಲೂ ಒಂದು ಸೂಕ್ಷ್ಮವಿದೆ. ತಲೆ ಎಣಿಸಿದರೆ ಓಡಾಡುವ ಮಗು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹೊರಡುವಾಗಲೇ ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಟ್ಟು, ನಿಂತಲ್ಲೆಲ್ಲ ಅವರೇ ಕ್ರಮವಾಗಿ ಕೂಗಬೇಕು. ಏಳರ ನಂತರ ಮೌನವಾದರೆ ಎಂಟನೆಯವರು ಇಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಸೀಟಿ ಎಲ್ಲರ ಕೊರಳಲ್ಲೂ ಇರಲಿ. ದಾರಿ ತಪ್ಪಿದರೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಉತ್ತರವಾಗಿ ನಿಮಿಷಕ್ಕೆ ಮೂರು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿ.ಮೀ. ಒಳಗಿದೆ, ಗುಡ್ಡ ಇಳಿಯಬೇಕು, ನೀರಿನಿಂದ ಹೊರಬರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು.

ಇನ್ನೊಂದು ಮಾತನ್ನು ದುಃಖದ ಮನೆಯಲ್ಲಿ ಯಾರೂ ಆಡುವುದಿಲ್ಲ, ಅದಕ್ಕೇ ನಾವು ಬರೆಯುತ್ತೇವೆ. ತಂದೆ ತಾಯಂದಿರು ಯಾವ ಕಾಗದವೂ ಇಲ್ಲದೆ ಮಕ್ಕಳನ್ನು ಕಳಿಸುತ್ತಿದ್ದದ್ದು ಆ ಒಬ್ಬರ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಅವರ ಶಿಷ್ಯರಿಗೆ, ಮಕ್ಕಳಿಗೆ, ಅವರ ಹೆಸರಿನ ಸಂಘಕ್ಕೆ ಆಸ್ತಿಯಂತೆ ಬರುವುದಿಲ್ಲ. ಹೊಸಬರು ಎಷ್ಟೇ ಒಳ್ಳೆಯವರಾಗಿರಲಿ, ನಿಯಮ ಬರಹದಲ್ಲಿರಲಿ. ಪ್ರತಿ ಹೊರಡುವಿಕೆಗೂ ಕನಿಷ್ಠ ಇಬ್ಬರು ದೊಡ್ಡವರು, ಹುಡುಗಿಯರಿದ್ದರೆ ಅವರಲ್ಲಿ ಒಬ್ಬರು ಹೆಂಗಸು. ದೊಡ್ಡವರೊಬ್ಬರು ಒಂದೇ ಮಗುವಿನ ಜೊತೆ ಕಣ್ಣಿಗೆ ಬೀಳದ ಜಾಗದಲ್ಲಿ ಇರಬಾರದು, ಟೆಂಟಿನಲ್ಲೂ, ವಾಹನದಲ್ಲೂ, ಮೊಬೈಲ್ ಮೆಸೇಜಿನಲ್ಲೂ. ನಾವು ನೆಲದ ಮೇಲೆ ಎಂಟು ಮಕ್ಕಳಿಗೊಬ್ಬರು, ನೀರಿನ ಬಳಿ ನಾಲ್ವರಿಗೊಬ್ಬರು ಎಂದು ಇಟ್ಟುಕೊಂಡಿದ್ದೇವೆ. ಮಗುವಿಗೆ ದೂರು ಹೇಳಬೇಕಿದ್ದರೆ ಕೇಳುವವರು ಸಂಘದ ಹೊರಗಿನವರಾಗಿರಬೇಕು, ಅವರ ಫೋನ್ ಸಂಖ್ಯೆ ಮಕ್ಕಳಿಗೆ ಗೊತ್ತಿರಬೇಕು. “ಅವರ ಕಾಲದಲ್ಲಿ ಇದೆಲ್ಲ ಇರಲಿಲ್ಲ” ಎಂದು ಯಾರಾದರೂ ಬೇಸರಪಟ್ಟರೆ ಪಡಲಿ. ಈ ನಿಯಮಗಳಿಗೆ ಸಿಟ್ಟಾಗುವವರ ಕೈಗೆ ನಾವಂತೂ ಮಕ್ಕಳನ್ನು ಕೊಡುವುದಿಲ್ಲ.

ಅವರು ಹೋದ ನಂತರದ ಮೊದಲ ಹೊರಡುವಿಕೆ ಅರ್ಧ ದಿನದ್ದಾಗಿರಲಿ. ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ, ಸಮತಟ್ಟಾದ, ನೀರಿಲ್ಲದ ದಾರಿ ಆರಿಸಿ. ಅವರಿಗೆ ಇಷ್ಟವಾದ ಕಠಿಣ ಗುಡ್ಡಕ್ಕೇ ಹೋಗಬೇಕು ಎಂಬ ಒತ್ತಾಯ ಬರುತ್ತದೆ, ಒಪ್ಪಬೇಡಿ. ಮನಸ್ಸು ಬೇರೆಡೆ ಇರುವ ಗುಂಪಿನಲ್ಲಿ ಕಾಲು ತಪ್ಪುವುದು ಬೇಗ, ಮತ್ತು ಹೊಸ ಮುಂದಾಳುಗಳಿಗೆ ಆ ದಿನ “ಬೇಡ, ಹಿಂದಿರುಗೋಣ” ಎನ್ನಲು ಬಾಯಿ ಬರುವುದಿಲ್ಲ. ಭಾಷಣ ಬೇಡ. ಒಂದು ಮಗು ಅತ್ತರೆ ಒಬ್ಬ ದೊಡ್ಡವರು ಜೊತೆಯಲ್ಲಿ ಕೂರಲಿ, ಉಳಿದವರು ಕಣ್ಣಳತೆಯಲ್ಲೇ ನಿಂತು ಕಾಯಲಿ.

ಮಳೆಗಾಲ ಹಿಡಿಯುವ ಮೊದಲು ಪುರಸಭೆಯ ಒಬ್ಬರು, ಶಾಲೆಯ ಒಬ್ಬರು, ಅವರ ಮನೆಯ ಒಬ್ಬರು ಸೇರಿ ಆ ಕೋಣೆ ತೆರೆದು ಪಟ್ಟಿ ಮಾಡಿ. ವಸ್ತು, ತಯಾರಾದ ವರ್ಷ, ಸ್ಥಿತಿ, ಇಡುವುದೋ ಬಿಡುವುದೋ, ನೋಡಿದವರ ಸಹಿ, ಇಷ್ಟು ಕಾಲಂ ಸಾಕು. ತಯಾರಾದ ವರ್ಷ ಗೊತ್ತಿಲ್ಲ ಎಂದಾದರೆ ಆ ಕಾಲಂನಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ “ಬಿಡುವುದು” ಎಂದೇ ಬರೆಯಿರಿ. ಆರು ತಿಂಗಳಿಗೊಮ್ಮೆ ಅದೇ ಪಟ್ಟಿ ಹಿಡಿದು ಮತ್ತೆ ನೋಡಬೇಕು.

ಇಂತಿ ನಿಮ್ಮ,
ಮಕ್ಕಳನ್ನು ಗುಡ್ಡಕ್ಕೂ ನೀರಿಗೂ ಕರೆದೊಯ್ಯುವ ಕೆಲವರು